ಕಾಡಿನಲ್ಲೊಂದು ದನಿ: ಸ್ವೀಡನ್ನಿನ ಶಿಲ್ಲರ್ ನಾಯಿ

ಮುಖ ಕಾಣದೆ ಬರಿಯ ದನಿಯಿಂದಲೇ ಆಳಿನ ಗುರುತು ಹಿಡಿಯುವುದು ರೇಡಿಯೋ ಕೇಳುವ ತಮಗೆ ಹೊಸದೇನೂ ಅಲ್ಲ. ವಾರ್ತೆ ಓದುವವರನ್ನು ನೀವು ಕಂಡಿರಲಾರಿರಿ. ಆದರೂ ಅವರು ಬಾಯಿ ತೆರೆದೊಡನೆ ಇಂಥವರೇ ಎಂದು ಹೇಳಿಬಿಡುತ್ತೀರಿ. ಸ್ವೀಡನ್ ದೇಶದ ಕಾಡಿನಲ್ಲಿ ಮೊಲದ ಬೇಟೆಗೆ ಹೋದವನ ಕೆಲಸವೂ ಹೆಚ್ಚುಕಡಿಮೆ ಇದೇ. ಅವನು ಒಂದೆಡೆ ನಿಂತು ಕಿವಿಗೊಡುತ್ತಾನೆ. ಓಡುವುದೆಲ್ಲ ಅವನ ನಾಯಿ.

ಆ ನಾಯಿಗೆ ಅಲ್ಲಿಯವರು ಸ್ಟೋವರೆ ಎನ್ನುತ್ತಾರೆ. ನಮ್ಮ ಮುಧೋಳದ ನಾಯಿ ಕಣ್ಣನ್ನು ನಂಬಿ ಓಡುವ ಜಾತಿ. ಇದು ಮೂಗನ್ನು ನಂಬಿದ್ದು. ಸ್ಟೋವರೆಗಳಲ್ಲಿ ಹಲವು ತಳಿಗಳುಂಟು. ತನ್ನ ದೇಶದ ಹೊರಗೆ ಹೆಚ್ಚಾಗಿ ಕಾಣಸಿಗದ ಶಿಲ್ಲರ್ ಸ್ಟೋವರೆ ಅವುಗಳಲ್ಲೊಂದು. ಹೆಸರು ಕೇಳಿ ಜರ್ಮನ್ ಕವಿಯ ನೆನಪಾದರೆ ತಪ್ಪಿಲ್ಲ. ಆದರೆ ಈ ಶಿಲ್ಲರ್ ಒಬ್ಬ ಒಕ್ಕಲಿಗ.

ಒಂದು ಕಾಲದಲ್ಲಿ ಅಲ್ಲಿ ಬೇಟೆಯೆಂಬುದು ಬಹುಮಟ್ಟಿಗೆ ಅರಸರ, ಸರದಾರರ ಸೊತ್ತಾಗಿತ್ತು. 1789ರಲ್ಲಿ ಮೂರನೆಯ ಗುಸ್ತಾವ್ ದೊರೆ, ಸ್ವಂತ ಹೊಲವಿದ್ದ ರೈತರಿಗೂ ತಂತಮ್ಮ ನೆಲದಲ್ಲಿ ಬೇಟೆಯಾಡುವ ಹಕ್ಕನ್ನು ಕೊಟ್ಟನು. ಆದರೆ ನಾಯಿಗಳ ಹಿಂಡನ್ನು ಸಾಕುವ ಶಕ್ತಿ ರೈತನಿಗೆಲ್ಲಿಯದು? ಅವನಿಗೆ ಒಂದೇ ನಾಯಿ. ಹುಡುಕುವುದು, ಎಬ್ಬಿಸುವುದು, ಅಟ್ಟುವುದು, ಜೊತೆಗೆ ಯಜಮಾನನಿಗೆ ಸುದ್ದಿ ಮುಟ್ಟಿಸುವುದು, ಎಲ್ಲವನ್ನೂ ಅದೊಂದೇ ಮಾಡಬೇಕು.

1886ರಲ್ಲಿ ಯೊನ್‌ಶೋಪಿಂಗ್ ಪಟ್ಟಣದಲ್ಲಿ ಆ ದೇಶದ ಮೊದಲನೆಯ ಶ್ವಾನಪ್ರದರ್ಶನ ನಡೆಯಿತು. ಅಲ್ಲಿಗೆ ಬಂದಿದ್ದ ಸ್ಟೋವರೆಗಳೇ 189! ಆ ಗುಂಪಿನಲ್ಲಿ ಪೇರ್ ಶಿಲ್ಲರ್ ತಂದಿದ್ದ ಎರಡು ನಾಯಿಗಳಿದ್ದವು: ಟಂಬುರೀನಿ ಮತ್ತು ರಾಲ್ಲಾ. ಕಾವ್ಲೋಸ್ ಎಂಬ ಜಹಗೀರಿನ ಹೆಸರಾಂತ ನಾಯಿಗಳ ವಂಶದವು. ಜರ್ಮನಿಯ, ಇಂಗ್ಲೆಂಡಿನ ಬೇಟೆನಾಯಿಗಳ ರಕ್ತವೂ ಅವುಗಳಲ್ಲಿ ಬೆರೆತಿತ್ತೆನ್ನುತ್ತಾರೆ. ಟಂಬುರೀನಿ ಎಂಬುದು ಇಟಲಿಯ ಪ್ರಸಿದ್ಧ ಗಾಯಕನೊಬ್ಬನ ಹೆಸರೂ ಹೌದು. ಕೂಗಿಯೇ ಬಾಳುವ ನಾಯಿಗೆ ಚೆನ್ನಾಗಿಯೇ ಒಪ್ಪುತ್ತದೆ. ಈ ಜೋಡಿಯಿಂದ ಬೆಳೆದ ತಳಿಗೆ 1907ರಲ್ಲಿ ಸ್ವೀಡನ್ನಿನ ಕೆನಲ್ ಕ್ಲಬ್ಬಿನ ಮನ್ನಣೆ ದೊರೆಯಿತು. ಕೆಂಗಂದು ಮೈ, ಬೆನ್ನ ಮೇಲೆ ಕರಿಯ ಕಂಬಳಿ ಹೊದಿಸಿದಂತಹ ಬಣ್ಣ. ಗಂಡು ನಾಯಿಯ ಎತ್ತರ ಹೆಗಲಿಗೆ ಸುಮಾರು 57 ಸೆಂಟಿಮೀಟರು.

ಇನ್ನು ಅದರ ಕೆಲಸವನ್ನು ನೋಡಿ. ಮೊಲ ರಾತ್ರಿ ಮೇದು ಬೆಳಗಿಗೆ ಎಲ್ಲೋ ಹುದುಗಿರುತ್ತದೆ. ಆರಿದ ವಾಸನೆಯನ್ನೇ ಹಿಡಿದು ನಾಯಿ ಹುಡುಕುತ್ತ ಹೋಗುತ್ತದೆ. ಮೊಲವೆದ್ದಿತೋ, ದನಿ ತೆಗೆಯಿತು! ಅಲ್ಲಿಂದ ಮುಂದೆ ಜಾಡು ಹಿಡಿದಿರುವಷ್ಟು ಹೊತ್ತೂ ಬೊಗಳುತ್ತಲೇ ಓಡಬೇಕು. ಮೊಲ ನೆಟ್ಟಗೆ ಓಡಿಹೋಗುವ ಪ್ರಾಣಿಯಲ್ಲ. ತನಗೆ ಪರಿಚಯವಿದ್ದ ನೆಲದಲ್ಲೇ ಸುತ್ತುಹಾಕಿ ಹಿಂದಿರುಗುತ್ತದೆ. ಆದುದರಿಂದಲೇ ಬೇಟೆಗಾರ ನಿಂತು ಕಾಯುವುದು. ದನಿ ದೂರವಾಯಿತು, ಗುಡ್ಡದಾಚೆ ಕ್ಷೀಣವಾಯಿತು, ಈಗ ಹಳ್ಳದ ಕಡೆ ತಿರುಗಿತು — ಇಡೀ ಓಟ ಅವನ ಕಿವಿಯಲ್ಲೇ ನಡೆಯುತ್ತದೆ. ಒಮ್ಮೊಮ್ಮೆ ದನಿ ಥಟ್ಟನೆ ನಿಲ್ಲುವುದುಂಟು. ಮೊಲ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ, ಒಂದು ಪಕ್ಕಕ್ಕೆ ದೂರ ನೆಗೆದು, ಜಾಡನ್ನು ಕಡಿದುಬಿಟ್ಟಿರುತ್ತದೆ. ನಾಯಿ ಸುತ್ತು ಹಾಕುತ್ತ ಮತ್ತೆ ಅದನ್ನು ಹುಡುಕಿ ತೆಗೆಯಬೇಕು. ನನ್ನ ಮಟ್ಟಿಗೆ ಈ ಬೇಟೆಯ ಸ್ವಾರಸ್ಯವೆಲ್ಲ ಗುಂಡಿನಲ್ಲಿಲ್ಲ, ಈ ಹುಡುಕಾಟದಲ್ಲಿದೆ.

ಆದರೆ ಒಂಟಿಯಾಗಿ ದೂರ ಹೋಗಿ ಕೂಗುವ ಈ ಗುಣವೇ ಇಂದು ಅದಕ್ಕೆ ಗಂಡಾಂತರವಾಗಿದೆ. ಅಳಿದುಹೋಗುವ ಸ್ಥಿತಿಗೆ ಬಂದಿದ್ದ ತೋಳಗಳಿಗೆ ಸ್ವೀಡನ್ 1966ರಲ್ಲಿ ಕಾನೂನಿನ ರಕ್ಷಣೆ ಕೊಟ್ಟಿತು; 1983ರಲ್ಲಿ ವೆರ್ಮ್‌ಲಾಂಡಿನ ಕಾಡಿನಲ್ಲಿ ಅವು ಮತ್ತೆ ಮರಿ ಹಾಕಿದವು. ಅದು ಆಗಬೇಕಾಗಿದ್ದ ಕೆಲಸವೇ. ಆದರೆ ತನ್ನ ಎಲ್ಲೆಯೊಳಗೆ ಬಂದ ನಾಯಿಯನ್ನು ತೋಳ ಸಹಿಸುವುದಿಲ್ಲ; ಹಾಗೆ ಸತ್ತ ಬೇಟೆನಾಯಿಗಳು ಒಂದೆರಡಲ್ಲ. ತೋಳವಿರುವ ಸೀಮೆಯಲ್ಲಿ ನಾಯಿ ಬಿಡಲು ಜನ ಹಿಂಜರಿಯುತ್ತಾರೆ. ಬಿಡದಿದ್ದರೆ ಸಾಕುವುದೇತಕ್ಕೆ? ಸಾಕುವವರು ಕಡಮೆಯಾದಂತೆ ಮೊದಲೇ ಚಿಕ್ಕದಾದ ತಳಿ ಇನ್ನೂ ಕಿರಿದಾಗುತ್ತದೆ.

ಈಗ ನಾಯಿಯ ಕೊರಳಿಗೆ, ಉಪಗ್ರಹದ ನೆರವಿನಿಂದ ಅದು ಇರುವ ಸ್ಥಳವನ್ನು ತಿಳಿಸುವ ಪಟ್ಟಿಯನ್ನು ಕಟ್ಟುತ್ತಾರೆ. ಆದರೂ ಬೇಟೆಗಾರ ಮೊದಲು ಕಿವಿಯನ್ನೇ ನಂಬುತ್ತಾನೆ. ಕಾಡಿನಲ್ಲಿ ದನಿ ನಿಂತಾಗ ಅವನ ಅಜ್ಜನಾಗಿದ್ದರೆ, 'ಮೊಲ ಆಟ ಕಟ್ಟಿತು' ಎಂದು ನಕ್ಕು ಪೈಪು ಹಚ್ಚುತ್ತಿದ್ದನೇನೋ. ಮೊಮ್ಮಗ ಉಸಿರು ಬಿಗಿಹಿಡಿದು, ಅದು ಮತ್ತೆ ಕೇಳಿಬರುವವರೆಗೆ ನಿಂತಿರುತ್ತಾನೆ.