ತಂಡದಿಂದ ಬಿಟ್ಟರೂ ಆಟ ಬಿಡದವರು



ಮಂಜುಗಡ್ಡೆ ಮೇಲೆ ಆಡೋ ಐಸ್ ಹಾಕಿ ನಾವ್ಯಾರೂ ಆಡಿದವರಲ್ಲ. ಆದರೂ ಏಂಜೆಲಾ ಜೇಮ್ಸ್ ಬಗ್ಗೆ ನಿಮಗೆ ಹೇಳಲೇಬೇಕು. ಕೆನಡಾದ ಟೊರೊಂಟೊದಲ್ಲಿ, ಬಡವರ ವಸತಿಯಲ್ಲಿ, ತಾಯಿಯೊಬ್ಬಳೇ ಸಾಕಿದ ಕಪ್ಪು ಹುಡುಗಿ. ಮೊದಮೊದಲು ಹುಡುಗರ ಜೊತೆಗೇ ಆಡಿದರು. 1990ರಲ್ಲಿ ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಐದೇ ಪಂದ್ಯಗಳಲ್ಲಿ 11 ಗೋಲು! ಕಪ್ ಕೆನಡಾಕ್ಕೆ ಬಂತು.

1998ರಲ್ಲಿ ಈ ಆಟ ಮಹಿಳೆಯರಿಗಾಗಿ ಮೊದಲ ಸಲ ಒಲಿಂಪಿಕ್ಸ್ ಸೇರಿತು. ತಂಡದ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಮೇಲ್ಮನವಿ ಕೊಟ್ಟರು, ಕೇಳಲಿಲ್ಲ. ಇಲ್ಲಿಗೆ ಮುಗೀತು ಅಂತೀರಾ? ನಮ್ಮಲ್ಲಿ ಕಬಡ್ಡಿ ಬಿಟ್ಟ ಅಕ್ಕಂದಿರನ್ನ ಮತ್ತೆ ಮೈದಾನಕ್ಕೆ ಕರೆಯೋರು ಯಾರು, ಹೇಳಿ.

ಅವರು ಕಲಿಸೋದಕ್ಕೆ ನಿಂತರು. 2010ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. ಆಮೇಲೆ ಟೊರೊಂಟೊ ಸಿಕ್ಸ್ ತಂಡಕ್ಕೆ ಸಹಾಯಕ ಕೋಚ್, ಮುಂದೆ ಜನರಲ್ ಮ್ಯಾನೇಜರ್. 2023ರಲ್ಲಿ ಆ ತಂಡ ಇಸೊಬೆಲ್ ಕಪ್ ಗೆದ್ದಿತು.