ಸೀಸೆಯ ಮೇಲಿನ ಬಿಳಿ ಚೌಕ

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ದೊಡ್ಡದು. ಪ್ಯಾಕಿಂಗ್, ವೈದ್ಯಕೀಯ ಉಪಕರಣ, ಮಾಹಿತಿ ಸಂಸ್ಕರಣೆ, ಈ ಮೂರರಲ್ಲಿ ಆಗಿರುವ ಹೊಸ ಆವಿಷ್ಕಾರಗಳ ಬಗ್ಗೆ ಮಾತಾಡಬೇಕಂತೆ. ಒಂದೊಂದಕ್ಕೂ ಒಂದೊಂದು ದಿನ ಬೇಕು, ಊಟದ ಹೊತ್ತು ಬೇರೆ ಹತ್ತಿರ ಬಂದಿದೆ. ಅದಕ್ಕೇ ಮೂರೂ ಒಟ್ಟಿಗೆ ಸಿಗುವ ಒಂದು ವಸ್ತುವನ್ನು ಆರಿಸಿಕೊಂಡಿದ್ದೇನೆ. ನೀವೆಲ್ಲ ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಕಿಸಿದ ಪೋಲಿಯೊ ಹನಿಯ ಪುಟ್ಟ ಸೀಸೆ ಅದು.

ಪ್ಯಾಕಿಂಗ್ ಎಂದರೇನೆಂದು ಹೂವಿನ ಹಡಗಲಿ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತೆಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವರು ನಾವು. ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಬಿಡಿಸಿ, ತಂಪು ಆರದಂತೆ ಕಟ್ಟಿ ಪೇಟೆಗೆ ಕಳಿಸುವುದು ನಮಗೆ ಗೊತ್ತು. ಹೂವು ಬಾಡಿದರೆ ಕಣ್ಣಿಗೆ ಕಾಣುತ್ತದೆ, ವ್ಯಾಪಾರಿ ಅಲ್ಲೇ ರೇಟು ಇಳಿಸುತ್ತಾನೆ.

ಲಸಿಕೆ ಹಾಗಲ್ಲ. ಬಿಸಿಲಿಗೆ ಕೆಟ್ಟ ಲಸಿಕೆಯೂ ನೋಡಲು ಒಳ್ಳೆಯ ಲಸಿಕೆಯ ಹಾಗೇ ಇರುತ್ತದೆ. ಅದನ್ನು ಹಾಕಿಸಿಕೊಂಡ ಮಗು ಆಡಿಕೊಂಡೇ ಇರುತ್ತದೆ. ಇನ್ನೇನೂ ಭಯವಿಲ್ಲ ಎಂದು ತಾಯಿ ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಆದರೆ ಮಗುವಿಗೆ ರಕ್ಷಣೆ ಸಿಕ್ಕಿರುವುದಿಲ್ಲ. ಅದು ಗೊತ್ತಾಗುವುದು ಮುಂದೆಂದೋ, ಕಾಲು ಸೋತ ಮೇಲೆ.

ಒಂದು ಕಾಲಕ್ಕೆ ಲಸಿಕೆಗೆ ಸೀಸೆಯೇ ನೆಚ್ಚಿಕೆಯದಾಗಿರಲಿಲ್ಲ. 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆ ಹಾಕಿದರು. ಭಾರತದಲ್ಲಿ ಫಲ ಕೊಟ್ಟ ಮೊದಲ ಲಸಿಕೆ ಅದು. ಅವಳ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಬೇರೆ ಮಕ್ಕಳಿಗೆ ಹಾಕಿದರು, ಆ ಮಕ್ಕಳ ತೋಳಿನಿಂದ ಮತ್ತೆ ಬೇರೆಯವರಿಗೆ. ಹೀಗೆ ತೋಳಿನಿಂದ ತೋಳಿಗೆ ಅದು ಊರೂರಿಗೆ ನಡೆಯಿತು. ಮಗುವಿನ ಮೈಯೇ ಪ್ಯಾಕಿಂಗ್! ಸೆಕೆಯ ದೇಶದಲ್ಲಿ ಲಸಿಕೆಯನ್ನು ಜೀವಂತವಾಗಿ ಸಾಗಿಸಲು ಬೇರೆ ದಾರಿ ಕಾಣದ ಕಾಲ ಅದು.

ಈಗ ನಮ್ಮ ಸೀಸೆಗೆ ಬರೋಣ. ಅದರ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ವೃತ್ತದೊಳಗೆ ಒಂದು ಬಿಳಿ ಚೌಕ ಇರುತ್ತದೆ. ಹೆಸರು ವ್ಯಾಕ್ಸಿನ್ ವಯಲ್ ಮಾನಿಟರ್, ಆರೋಗ್ಯ ಇಲಾಖೆಯವರ ಬಾಯಲ್ಲಿ ವಿವಿಎಂ. 1996ರಲ್ಲಿ ಮೊದಲು ಪೋಲಿಯೊ ಲಸಿಕೆಯ ಮೇಲೆ ಬಂತು. ಚೌಕದಲ್ಲಿರುವ ರಾಸಾಯನಿಕದ ಸಣ್ಣ ಅಣುಗಳು ಶಾಖ ತಗುಲಿದಂತೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಬಣ್ಣ ಕಪ್ಪಾಗುತ್ತಾ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ, ಇಲ್ಲವೇ ಚೌಕವೇ ಹೆಚ್ಚು ಕಪ್ಪಾದರೆ ಸೀಸೆಯನ್ನು ಬಳಸುವಂತಿಲ್ಲ. ಮತ್ತೆ ಫ್ರಿಜ್‌ನಲ್ಲಿಟ್ಟರೂ ಚೌಕ ಬೆಳ್ಳಗಾಗುವುದಿಲ್ಲ. ಅದಕ್ಕೆ ಕೂಡಿಸುವುದು ಮಾತ್ರ ಗೊತ್ತು, ಕಳೆಯುವುದು ಗೊತ್ತಿಲ್ಲ.

ಲಸಿಕೆಯ ಜಾತಿ ನೋಡಿ ಚೌಕದ ವೇಗವನ್ನೂ ಬೇರೆ ಮಾಡಿದ್ದಾರೆ. ಪೋಲಿಯೊ ಹನಿ ಬಹಳ ನಾಜೂಕು, ಅದರ ಚೌಕ 37 ಡಿಗ್ರಿಯಲ್ಲಿ ಎರಡೇ ದಿನಕ್ಕೆ ಮುಗಿಯುತ್ತದೆ. ಹೆಪಟೈಟಿಸ್-ಬಿ ಲಸಿಕೆಯದು 30 ದಿನ ತಾಳುತ್ತದೆ. ನಮ್ಮ ಏಪ್ರಿಲ್ ಮೇ ಬಿಸಿಲನ್ನು ನೆನೆಸಿಕೊಳ್ಳಿ, ಎರಡು ದಿನ ಎಂದರೆ ಎಷ್ಟು ಕಡಿಮೆ ಎಂದು ತಿಳಿಯುತ್ತದೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸೂಕ್ಷ್ಮ. ತೆರೆದ ಮೇಲೂ ಕೆಲವು ದಿನ ಬಳಸಬಹುದಾದ ಲಸಿಕೆಗಳಲ್ಲಿ ಈ ಚೌಕ ಲೇಬಲ್ ಮೇಲಿರುತ್ತದೆ. ತೆರೆದ ಕೆಲವೇ ಗಂಟೆಯಲ್ಲಿ ಮುಗಿಸಬೇಕಾದ ಪುಡಿ ಲಸಿಕೆಗಳಲ್ಲಿ ಮುಚ್ಚಳದ ಮೇಲೆ, ಇಲ್ಲವೇ ಕತ್ತಿನ ಮೇಲೆ. ಮುಚ್ಚಳ ಕಿತ್ತ ಕೂಡಲೇ ಗುರುತೂ ಹೋಗುತ್ತದೆ. ‘ಚೌಕ ಬೆಳ್ಳಗಿದೆ, ನಾಳೆಗೂ ಇಟ್ಟುಕೊಳ್ಳೋಣ’ ಎಂದು ಯಾರೂ ಮೋಸ ಹೋಗುವಂತಿಲ್ಲ.

ಮಾಹಿತಿ ಸಂಸ್ಕರಣೆ ಎಂದರೆ ಕಂಪ್ಯೂಟರೇ ಬೇಕು ಎಂದುಕೊಂಡಿರುವ ಮಕ್ಕಳು ಇದನ್ನು ಗಮನಿಸಬೇಕು. ಎಷ್ಟು ಶಾಖ, ಎಷ್ಟು ಹೊತ್ತು, ಈ ಎರಡನ್ನೂ ಸೇರಿಸಿ ಚೌಕ ಒಂದೇ ಉತ್ತರ ಕೊಡುತ್ತದೆ: ಹಾಕು, ಇಲ್ಲವೇ ಬಿಡು. ಕರೆಂಟು ಬೇಡ, ಸಿಗ್ನಲ್ ಬೇಡ. ಉತ್ತರವನ್ನು ಓದುವವರು ಬೆಂಗಳೂರಿನಲ್ಲಿ ಕುಳಿತ ಅಧಿಕಾರಿಯಲ್ಲ. ಬ್ಯಾಗು ಹೊತ್ತು ನಮ್ಮ ಓಣಿಗೆ ಬರುವ ಸಿಸ್ಟರ್, ಮನಸ್ಸಿದ್ದರೆ ಮಗುವನ್ನೆತ್ತಿಕೊಂಡ ತಾಯಿಯೂ ಓದಬಹುದು. ಮುಂದಿನ ಸಲ ‘ಸ್ವಲ್ಪ ತೋರಿಸ್ರೀ ಅಕ್ಕ’ ಎಂದು ಕೇಳಿ. ಸಿಸ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಿರಿಂಜಿನ ಮಾತು ಬೇಗ ಮುಗಿಸುತ್ತೇನೆ. ಗಾಜಿನ ಸಿರಿಂಜನ್ನು ಸ್ಟೌ ಮೇಲೆ ಕುದಿಸಿ ಊರಿಗೆಲ್ಲ ಒಂದೇ ಸೂಜಿ ಚುಚ್ಚುತ್ತಿದ್ದುದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಈಗ ಲಸಿಕೆಗೆ ಬಳಸುವ ಸಿರಿಂಜಿನ ದಂಡ ಒಮ್ಮೆ ಪೂರ್ತಿ ಒತ್ತಿದ ಮೇಲೆ ಬೀಗ ಬಿದ್ದಂತೆ ನಿಂತುಬಿಡುತ್ತದೆ, ಎರಡನೆಯ ಸಲ ಎಳೆಯಲು ಬರುವುದಿಲ್ಲ.

ಕಂಪ್ಯೂಟರ್ ಬರುವುದು ಇದರ ಮೇಲೆ. 2015ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಇ-ವಿನ್’ ಎಂಬ ವ್ಯವಸ್ಥೆ ಆರಂಭಿಸಿತು. ಲಸಿಕೆಯ ಫ್ರಿಜ್‌ನೊಳಗೆ ಸಿಮ್ ಇರುವ ತಾಪಮಾಪಕ ಇರುತ್ತದೆ. ಉಷ್ಣತೆ 2ರಿಂದ 8 ಡಿಗ್ರಿಯ ಗೆರೆ ದಾಟಿದರೆ ಸಿಬ್ಬಂದಿಯ ಫೋನಿಗೆ ಸಂದೇಶ ಬರುತ್ತದೆ. ಎಲ್ಲಿ ಎಷ್ಟು ಸೀಸೆ ಉಳಿದಿವೆ ಎಂಬ ಲೆಕ್ಕವೂ ಅದರಲ್ಲೇ. ಒಳ್ಳೆಯ ಕೆಲಸ. ಆದರೂ ನನ್ನ ಓಟು ಆ ಚೌಕಕ್ಕೇ. ಫ್ರಿಜ್ ಬಿಟ್ಟು ಹೊರಟ ಮೇಲೆ, ಕೊನೆಯ ಮನೆಯವರೆಗೂ ಸೀಸೆಯ ಜೊತೆ ಹೋಗುವುದು ಅದೊಂದೇ.

ಭಾರತದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಮಗೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಚೌಕ ಒಂದರಿಂದಲೇ ಆಯಿತೆಂದು ಹೇಳಿದರೆ, ಮನೆಮನೆ ತಿರುಗಿ ಚಪ್ಪಲಿ ಸವೆಸಿದ ಅಂಗನವಾಡಿ, ಆಶಾ ಅಕ್ಕಂದಿರು ನನ್ನನ್ನು ಇಲ್ಲಿಂದ ಊಟಕ್ಕೆ ಬಿಡುವುದಿಲ್ಲ.

ಇನ್ನು, ಬಗೆಹರಿಯದ ಒಂದು ತೊಡಕು. ಚೌಕಕ್ಕೆ ಸೆಕೆ ತಿಳಿಯುತ್ತದೆ, ಚಳಿ ತಿಳಿಯುವುದಿಲ್ಲ. ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ, ಆಗಲೂ ಚೌಕ ಬೆಳ್ಳಗೇ ಇರುತ್ತದೆ. ಅದಕ್ಕೇ ಐಸ್‌ಪ್ಯಾಕನ್ನು ಫ್ರೀಜರಿನಿಂದ ತೆಗೆದ ತಕ್ಷಣ ಡಬ್ಬಿಗೆ ಇಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆ ಇಡುತ್ತಾರೆ. ಇಷ್ಟು ವಿಜ್ಞಾನ ಬೆಳೆದ ಮೇಲೂ ಈ ಕೆಲಸ ನಿಂತಿರುವುದು ಸಿಸ್ಟರ್ ಕಿವಿಯ ಮೇಲೆ. ಸೆಕೆಗೂ ಚಳಿಗೂ ಬಣ್ಣ ಬದಲಿಸುವ, ಪೈಸೆಯ ಲೆಕ್ಕದಲ್ಲಿ ಸಿಗುವ ಒಂದು ಗುರುತನ್ನು ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಯೋಚಿಸಿ ನೋಡಬಹುದು. ಮಲ್ಲಿಗೆ ಬುಟ್ಟಿಗೂ ಅಂಥದ್ದೇ ಒಂದು ಬೇಕು.

ಏನಾದರೂ ಹೊಳೆದರೆ ಇದೊಂದು ನೆನಪಿರಲಿ. ಪೇಟೆಂಟ್ ಎಂದರೆ ಸರ್ಕಾರದ ಜೊತೆ ಒಂದು ಕರಾರು. ನಿಮ್ಮ ಉಪಾಯವನ್ನು ಪೂರ್ತಿ ಬರೆದುಕೊಡಬೇಕು, ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷ ಅದರ ಹಕ್ಕು ನಿಮಗೆ. ಅಜ್ಜಿ ಹೂ ಕಟ್ಟುವ ರೀತಿಗೆ ಸಿಗುವುದಿಲ್ಲ, ಪರಂಪರೆಯ ಜ್ಞಾನವನ್ನು ಕಾಯ್ದೆ ಹೊರಗಿಟ್ಟಿದೆ. ಬರೀ ಲೆಕ್ಕದ ಸೂತ್ರಕ್ಕೂ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅರ್ಜಿ ಹಾಕುವ ಮೊದಲೇ ವಾಟ್ಸಾಪ್‌ನಲ್ಲಿ ಹಾಕಿ ಊರಿಗೆಲ್ಲ ತೋರಿಸಿಬಿಟ್ಟರೆ ಹೊಸತನ ಹೋಯಿತೆಂದೇ ಲೆಕ್ಕ. ಮೊದಲು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ, ಆದರೆ ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರಷ್ಟು ರಿಯಾಯಿತಿಯೂ ಇದೆ.

ಊಟದ ಗಂಟೆ ಹೊಡೆಯುವವರು ನನ್ನ ಕಡೆಗೇ ನೋಡುತ್ತಿದ್ದಾರೆ.