ಪಕ್ಕದ ಬೆಂಚಿನವನಿಗಾಗಿ ಬರೆಯೋಣ

(ನಮ್ಮೂರ ಕನ್ನಡ ಶಾಲೆಯ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)



ನಾನು ಭಾಷಣಕಾರ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವನು. ದಿನಾ ಕೌಂಟರಿನ ಆಚೆ ಯಾರಾದರೂ ಖಾಲಿ ಸ್ಲಿಪ್ ಹಿಡಿದು, "ಸಾಹೇಬ್ರ, ಇಷ್ಟು ಬರದು ಕೊಡ್ರಿ" ಅಂತಾರೆ. ಅಜ್ಜ ಅಜ್ಜಿ ಕೇಳಿದರೆ ಖುಷಿಯಿಂದ ಬರೆದು ಕೊಡ್ತೀನಿ. ಆದರೆ ಹೋದ ವರ್ಷ ಹನ್ನೆರಡನೆಯ ತರಗತಿ ಪಾಸಾದ ಹುಡುಗನೊಬ್ಬ ಕಾಲೇಜಿನ ಸಾಲಕ್ಕೆ ಅರ್ಜಿ ಬರೆಯೋಕೆ ಕೂತು ಮೂರು ಹಾಳೆ ಹರಿದ. "ನನಗ ಯಾವ ಭಾಷೆಯೊಳಗೂ ಬರೀಲಿಕ್ಕೆ ಬರೂದಿಲ್ರೀ ಅಣ್ಣಾ" ಅಂದ. ಮಾತಾಡಲಿಕ್ಕೆ ಅವನಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರ್ತವೆ!

ತಪ್ಪು ಅವನದಲ್ಲ. ಇಷ್ಟು ವರ್ಷ ಅವನು ಬರೆದದ್ದೆಲ್ಲ ಪ್ರಶ್ನೆಗೆ ಉತ್ತರ. ಓದಿದವರು ಮಾಸ್ತರು ಒಬ್ಬರೇ, ಅದೂ ಮಾರ್ಕು ಹಾಕಲಿಕ್ಕೆ. ಪಕ್ಕದ ಬೆಂಚಿನವ ಅವನ ಬರಹವನ್ನು ಎಂದೂ ಓದಿಲ್ಲ.

ಇಟಲಿಯಲ್ಲಿ ಫ್ಲಾರೆನ್ಸ್ ನಗರದ ಉತ್ತರದ ಗುಡ್ಡಗಾಡಿನಲ್ಲಿ ಬಾರ್ಬಿಯಾನಾ ಅಂತ ಒಂದು ಹಳ್ಳಿ. ಅಲ್ಲೊಂದು ಇಲ್ಲೊಂದು ಮನೆ, ಅಷ್ಟೆ. 1954ರ ಕೊನೆಗೆ ಲೊರೆಂಜೊ ಮಿಲಾನಿ ಎಂಬ ಪಾದ್ರಿ ಅಲ್ಲಿಗೆ ಬಂದರು. ಸರಕಾರಿ ಶಾಲೆಯಲ್ಲಿ ನಾಪಾಸಾದ ರೈತರ ಮಕ್ಕಳನ್ನು ಕೂಡಿಸಿ ಶಾಲೆ ನಡೆಸಿದರು. ದೊಡ್ಡವರು ಸಣ್ಣವರಿಗೆ ಕಲಿಸಬೇಕು, ದಿನಾ ಪೇಪರ್ ಓದಬೇಕು. ಬಡವನಿಗೂ ಉಳ್ಳವನಿಗೂ ನಡುವಿನ ದೊಡ್ಡ ಅಂತರ ಭಾಷೆಯ ಮೇಲಿನ ಹಿಡಿತ ಅಂತ ಮಿಲಾನಿ ನಂಬಿದ್ದರು.

1963ರಲ್ಲಿ ಈ ಹುಡುಗರು ಪಿಯಾದೆನಾ ಎಂಬ ಊರಿನ ಕಡೆ ಮಾರಿಯೊ ಲೋದಿ ಎಂಬ ಮಾಸ್ತರರ ಮಕ್ಕಳಿಗೆ ಕೂಡಿ ಒಂದು ಪತ್ರ ಬರೆದರು. ಕೂಡಿ ಬರೆಯೋದು ಅಲ್ಲಿ ಗಟ್ಟಿಯಾಯ್ತು. 1967ರಲ್ಲಿ ಎಂಟು ಜನ ಹುಡುಗರು ಸೇರಿ, ಮಕ್ಕಳನ್ನು ನಾಪಾಸು ಮಾಡುವ ಶಿಕ್ಷಕಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ನಾಪಾಸಾಗುವವರು ಯಾರ ಮಕ್ಕಳು ಅಂತ ತಾವೇ ಅಂಕಿ ಅಂಶ ಕೂಡಿಸಿ ಪಟ್ಟಿ ಹಾಕಿದ್ದರು. ಪುಸ್ತಕ ಬಂದ ಮುಂದಿನ ತಿಂಗಳೇ, 44ನೆಯ ವಯಸ್ಸಿಗೆ, ಮಿಲಾನಿ ತೀರಿಕೊಂಡರು. ಪುಸ್ತಕ ಹಲವು ಭಾಷೆಗಳಿಗೆ ಹೋಯಿತು.

ಅವರ ರೀತಿ ಬಹಳ ಸರಳ ನೋಡ್ರಿ. ಪ್ರತಿಯೊಬ್ಬರ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್. ಹೊಳೆದದ್ದನ್ನು ಆಗಲೇ ಗುರುತು ಹಾಕೋದು. ಆಮೇಲೆ ಒಂದು ಚೀಟಿಗೆ ಒಂದೇ ವಿಚಾರ, ಒಂದೇ ಮಗ್ಗುಲಿಗೆ. ಎಲ್ಲರ ಚೀಟಿಯನ್ನೂ ಮೇಜಿನ ಮೇಲೆ ಹರಡೋದು. ಎರಡು ಸಲ ಬಂದದ್ದನ್ನು ತೆಗೆಯೋದು. ಒಂದಕ್ಕೊಂದು ಹೊಂದುವಂಥವನ್ನು ಗುಂಪು ಮಾಡಿ ಸಾಲಾಗಿ ಜೋಡಿಸೋದು. ನಂತರ ಪೈಪೋಟಿ: ಯಾರು ಹೆಚ್ಚು ಶಬ್ದ ಕಡಿಮೆ ಮಾಡ್ತಾರೆ? ಯಾರು ಕಠಿಣ ಶಬ್ದ ಕಿತ್ತು ಸರಳ ಶಬ್ದ ಇಡ್ತಾರೆ? ಕೊನೆಗೆ ಹೊರಗಿನವರನ್ನು, ಅದೂ ಹೆಚ್ಚು ಶಾಲೆ ಕಲಿಯದವರನ್ನು ಕರೆದು ಓದಿ ಹೇಳೋದು. ಅವರಿಗೆ ತಿಳಿಯದಿದ್ದರೆ ಮತ್ತೆ ತಿದ್ದೋದು.

ಇದರಲ್ಲಿ ಹಿಂದಿನ ಬೆಂಚಿನವನ ಚೀಟಿಗೂ ಮೊದಲ ನಂಬರಿನವಳ ಚೀಟಿಗೂ ಮೇಜಿನ ಮೇಲೆ ಒಂದೇ ಬೆಲೆ. ಅವನ ಮನೆಯಲ್ಲಿ ಏನು ನಡೆದಿದೆ, ಇವಳು ಯಾಕೆ ಸೋಮವಾರ ಶಾಲೆಗೆ ಬರೋದಿಲ್ಲ ಅನ್ನೋದು ಉಳಿದವರಿಗೆ ಗೊತ್ತಾಗ್ತದೆ. ಬರೀ ಒಂದೇ ಕೋಣೆಯಲ್ಲಿ ಕೂತವರು ಗೆಳೆಯರಾಗ್ತಾರೆ.

ಆ ಹುಡುಗನಿಗೂ ಇದನ್ನೇ ಮಾಡಿಸಿದೆ. ಏನು ಓದ್ತೀಯ, ಫೀ ಎಷ್ಟು, ಅಪ್ಪನ ಹೊಲ ಎಷ್ಟು, ಸಾಲ ಹೆಂಗ ತೀರಿಸ್ತೀಯ? ಒಂದೊಂದಕ್ಕೆ ಒಂದೊಂದು ಚೀಟಿ. ಮನೆಯ ಕನ್ನಡದಲ್ಲೇ ಬರೆದ. ಜೋಡಿಸಿದ. ಆಮೇಲೆ ಇಬ್ಬರೂ ಕೂಡಿ ಮರಾಠಿಗೆ ತಂದೆವು. ವಿಚಾರ ಒಂದು ಭಾಷೆಯಲ್ಲಿ ನೆಟ್ಟಗೆ ನಿಂತರೆ ಇನ್ನೊಂದಕ್ಕೆ ದಾಟಿಸೋದು ಕಷ್ಟ ಅಲ್ಲ.

ಹಂಗಾಗಿ ನನ್ನದೊಂದು ಕೋರಿಕೆ. ಪ್ರತಿ ತರಗತಿಯೂ ತಿಂಗಳಿಗೊಂದು ಕೈಬರಹದ ಪತ್ರಿಕೆ ಮಾಡಲಿ. ಊರಿನ ಕೆರೆ, ಸಂತೆ, ಜಾತ್ರೆ, ಕಬ್ಬು ಕಡಿಯಲಿಕ್ಕೆ ಹೋದ ಅಪ್ಪ, ಯಾವುದರ ಬಗ್ಗೆಯಾದರೂ ಬರೆಯಲಿ. ಮರಾಠಿ ಶಬ್ದ ಬಂದರೆ ಬರಲಿ, ಆಮೇಲೆ ಕೂತು ತಿದ್ದೋಣ. ಮನೆಯ ಕಷ್ಟ ಹೇಳಲು ಮನಸ್ಸಿಲ್ಲದವರಿಗೆ ಒತ್ತಾಯ ಬೇಡ. ಒಂದು ಪ್ರತಿ ಗೋಡೆಗೆ. ಇನ್ನೊಂದು ಪ್ರತಿ ಅಂಚೆಯಲ್ಲಿ ಮಂಜೇಶ್ವರಕ್ಕೋ ತಾಳವಾಡಿಗೋ ಮಡಕಶಿರಾಕ್ಕೋ, ಅಲ್ಲಿನ ಕನ್ನಡ ಮಕ್ಕಳಿಗೆ. ಅವರ ಉತ್ತರಕ್ಕೆ ಕಾಯುವ ಮಗು ಬರೆಯೋದನ್ನು ಬಿಡೋದಿಲ್ಲ.

ಈ ವರ್ಷದ ಹಾಳೆ, ಅಂಚೆ ಖರ್ಚು ನನ್ನದು. ಶನಿವಾರ ಮಧ್ಯಾಹ್ನ ಬಂದು ಮಕ್ಕಳ ಜೊತೆ ಕೂರಲು ನಿಮ್ಮಲ್ಲಿ ಇಬ್ಬರು ಬೇಕು. ಕೂಟ ಮುಗಿದ ಮೇಲೆ ಬಾಗಿಲ ಹತ್ತಿರ ಇರ್ತೀನಿ, ಬಂದು ಹೆಸರು ಕೊಡ್ರಿ.